ಲ್ಯಾಪ್‌ಟಾಪ್ ಬ್ಯಾಟರಿಯ ಪಾಲನೆ: ಕೆಲವು ನಿಯಮಗಳ ಚಾರಿತ್ರಿಕ ವಿವೇಚನೆ

೧

ನಿಯಮವೊಂದು ಬಹುಕಾಲ ಆಚರಣೆಯಲ್ಲಿದ್ದರೆ ಅದು ಹುಟ್ಟಿದ ಕಾರಣವು ಜನರ ನೆನಪಿನಿಂದ ಜಾರಿಹೋಗುವುದುಂಟು. ಕಾರಣವು ಅಳಿದ ಮೇಲೂ ನಿಯಮವು ಉಳಿಯುತ್ತದೆ. ಕೆಲವು ವೇಳೆ, ಒಂದು ವಸ್ತುವಿನ ರಕ್ಷಣೆಗೆಂದು ಹುಟ್ಟಿದ ನಿಯಮವೇ ಅದರ ಸ್ಥಾನಕ್ಕೆ ಬಂದ ಇನ್ನೊಂದು ವಸ್ತುವಿನ ಹಾನಿಗೆ ಕಾರಣವಾಗುತ್ತದೆ. ಚರಿತ್ರೆಯ ಅಭ್ಯಾಸಿಗಳು ಈ ಸಂಗತಿಯನ್ನು ಕಂದಾಯ ಪದ್ಧತಿಯಲ್ಲಿಯೂ ಸಾಮಾಜಿಕ ಕಟ್ಟಳೆಗಳಲ್ಲಿಯೂ ಗುರುತಿಸುತ್ತ ಬಂದಿದ್ದಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ನಮ್ಮ ಕಾಲೇಜುಗಳಲ್ಲಿ ನಿತ್ಯವೂ ಕಾಣುವ ಒಂದು ಸಾಮಾನ್ಯ ವಸ್ತುವಿನ ವಿಷಯದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ. ಆ ವಸ್ತು ಲ್ಯಾಪ್‌ಟಾಪಿನ ಬ್ಯಾಟರಿ.

ಈ ಬ್ಯಾಟರಿಯನ್ನು ಹೇಗೆ ಕಾಪಾಡಬೇಕೆಂದು ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಕೇಳಿದಾಗ ಮುಖ್ಯವಾಗಿ ನಾಲ್ಕು ನಿಯಮಗಳು ದೊರೆತವು. ಹೊಸ ಯಂತ್ರವನ್ನು ತಂದ ದಿನ ಎಂಟು ಗಂಟೆಗೆ ಕಡಮೆಯಿಲ್ಲದಂತೆ ಚಾರ್ಜು ಮಾಡಬೇಕೆಂಬುದು ಮೊದಲನೆಯದು. ಚಾರ್ಜು ಪೂರ್ತಿಯಾಗಿ ಇಳಿದು ಯಂತ್ರವು ತಾನಾಗಿ ನಿಲ್ಲುವವರೆಗೆ ಮತ್ತೆ ಚಾರ್ಜಿಗೆ ಹಾಕಬಾರದೆಂಬುದು ಎರಡನೆಯದು. ಬ್ಯಾಟರಿಯನ್ನು ಯಾವಾಗಲೂ ತುಂಬಿಯೇ ಇಟ್ಟಿರಬೇಕೆಂಬುದು ಮೂರನೆಯದು. ಶೇಕಡಾ ೮೦ರ ಹತ್ತಿರ ಚಾರ್ಜನ್ನು ನಿಲ್ಲಿಸಬೇಕೆಂಬುದು ನಾಲ್ಕನೆಯದು. ಇವುಗಳಲ್ಲಿ ಕೊನೆಯ ಮೂರು ಪರಸ್ಪರ ವಿರುದ್ಧವಾದುವೆಂಬುದು ಸ್ಪಷ್ಟ. ಹಾಗಿದ್ದರೂ ಇವುಗಳಲ್ಲಿ ಯಾವುದನ್ನೂ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಒಂದೊಂದೂ ಒಂದೊಂದು ಬಗೆಯ ಬ್ಯಾಟರಿಗೆ ಸತ್ಯವಾದುದು. ಒಂದೊಂದಕ್ಕೂ ಒಂದೊಂದು ಕಾಲವಿದೆ. ಆ ಕಾಲವನ್ನು ನಿರ್ಧರಿಸದೆ ನಿಯಮವನ್ನು ಪಾಲಿಸುವುದರಿಂದಲೇ ತೊಡಕು ಹುಟ್ಟುತ್ತದೆ ಎಂಬುದು ಈ ಲೇಖನದ ಪ್ರತಿಪಾದ್ಯ.

ವಿಷಯವು ಅಲ್ಪವೆಂದು ತೋರಬಹುದು. ಆದರೆ ನಮ್ಮಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಮನೆಯಲ್ಲಿ ಪುಸ್ತಕಗಳ ಕಪಾಟಿನ ಸ್ಥಾನವನ್ನು ಪಡೆದಿದೆ. ಸಾಲಮಾಡಿ ಕೊಂಡವರೂ ಉಂಟು, ಅಣ್ಣನಿಂದ ತಮ್ಮನಿಗೆ ಬಂದುದನ್ನು ಬಳಸುವವರೂ ಉಂಟು. ಬ್ಯಾಟರಿಯ ಶಕ್ತಿ ಕುಂದಿದೊಡನೆ ಆ ಯಂತ್ರವು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದಂತಾಗುತ್ತದೆ. ಕರೆಂಟು ಹೊತ್ತುಹೊತ್ತಿಗೆ ಹೋಗುವ ಊರುಗಳಲ್ಲಿ ಅದು ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದ ಈ ವಿಚಾರಣೆಯು ನಿರರ್ಥಕವಲ್ಲವೆಂದು ಭಾವಿಸಲಾಗಿದೆ.

೨

ಬ್ಯಾಟರಿಯ ಚರಿತ್ರೆಯು ಸಾಮಾನ್ಯವಾಗಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾನಿಂದ ಆರಂಭವಾಗುತ್ತದೆ. ಅವನು ೧೮೦೦ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಬರೆದ ಪತ್ರದಲ್ಲಿ, ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳೊಡನೆ ಒಂದರ ಮೇಲೊಂದು ಪೇರಿಸಿದರೆ ಎಡೆಬಿಡದ ವಿದ್ಯುತ್ಪ್ರವಾಹ ದೊರೆಯುವುದೆಂದು ತಿಳಿಸಿದನು. ಆದರೆ ಈ ಕೋಶದಲ್ಲಿ ಪಾಲನೆಯ ಪ್ರಶ್ನೆಯೇ ಏಳುವಂತಿರಲಿಲ್ಲ. ಲೋಹವು ಸವೆದುಹೋದರೆ ಕೋಶದ ಆಯುಷ್ಯವೂ ಮುಗಿಯಿತು. ವ್ಯಯವಾದುದನ್ನು ಮತ್ತೆ ತುಂಬಬಹುದಾದ ವಸ್ತುವು ದೊರೆತ ಮೇಲೆಯೇ ಅದನ್ನು ಹೇಗೆ ತುಂಬಬೇಕು, ಎಷ್ಟು ತುಂಬಬೇಕು ಎಂಬ ಪ್ರಶ್ನೆಗೆ ಅವಕಾಶವಾಗುತ್ತದೆ.

ಅಂತಹ ವಸ್ತುವನ್ನು ಬಳಕೆಗೆ ಬರುವಂತೆ ರೂಪಿಸಿದ ಕೀರ್ತಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆಗೆ ಸಲ್ಲುತ್ತದೆ. ೧೮೫೯ರಲ್ಲಿ ಅವನು ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಗಲದಂತೆ ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಕೋಶವನ್ನು ನಿರ್ಮಿಸಿದನು. ೧೮೮೧ರಲ್ಲಿ ಕಮೀಲ್ ಫೋರ್ ಎಂಬವನು ಸೀಸದ ಆಕ್ಸೈಡಿನ ಲೇಪವನ್ನು ಬಳಸಿ ಇದರ ಧಾರಣಶಕ್ತಿಯನ್ನು ಹೆಚ್ಚಿಸಿದನು. ಅಲ್ಲಿಂದ ಮುಂದೆ ಸೀಸ-ಆಮ್ಲ ಬ್ಯಾಟರಿಯು ದೊಡ್ಡ ಪ್ರಮಾಣದ ತಯಾರಿಕೆಗೆ ಒದಗಿತು. ನಮ್ಮ ಮನೆಗಳ ಇನ್ವರ್ಟರುಗಳಲ್ಲಿಯೂ ಬಸ್ಸು ಟ್ರ್ಯಾಕ್ಟರುಗಳಲ್ಲಿಯೂ ಇರುವುದು ಬಹುಮಟ್ಟಿಗೆ ಇದರ ವಂಶದ್ದೇ ಆಗಿದೆ.

ಈ ಬ್ಯಾಟರಿಯು ಬರಿದಾಗುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಕೂಡಲೇ ಚಾರ್ಜು ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿ ಬರುತ್ತದೆ. ಬರಿದಾದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಬೆಳೆದು ಮತ್ತೆ ಕರಗಲೊಲ್ಲದು. ಆದುದರಿಂದ ಸೀಸ-ಆಮ್ಲ ಬ್ಯಾಟರಿಯ ಮೊದಲನೆಯ ನಿಯಮವೆಂದರೆ ಅದನ್ನು ತುಂಬಿಡುವುದು. ಇನ್ವರ್ಟರಿಗೆ ಆಗಾಗ ಬಟ್ಟಿ ಇಳಿಸಿದ ನೀರನ್ನು ಹಾಕುವ ಗೃಹಸ್ಥರೆಲ್ಲರೂ ಇದನ್ನು ಅನುಭವದಿಂದ ಬಲ್ಲರು. ಮೇಲೆ ಹೇಳಿದ ನಾಲ್ಕು ನಿಯಮಗಳಲ್ಲಿ ಮೂರನೆಯದರ ಮೂಲವು ಇಲ್ಲಿದೆಯೆಂದು ಹೇಳಬಹುದು.

೩

ಎರಡನೆಯ ನಿಯಮದ ಮೂಲವನ್ನು ಬೇರೊಂದು ಕಡೆಯಲ್ಲಿ ಹುಡುಕಬೇಕು. ೧೮೯೯ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಲೋಹಗಳನ್ನು ಕ್ಷಾರದ್ರಾವಣದೊಡನೆ ಬಳಸಿ ಹೊಸ ಬಗೆಯ ಬ್ಯಾಟರಿಯನ್ನು ನಿರ್ಮಿಸಿದನು. ೧೯೪೦ರ ದಶಕದ ಕೊನೆಯ ಹೊತ್ತಿಗೆ ಇದನ್ನು ಅನಿಲವು ಹೊರಬೀಳದಂತೆ ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ತಯಾರಿಸುವ ಕ್ರಮವು ತಿಳಿದುಬಂದಿತು. ಮುಚ್ಚಿದ ಕೋಶವನ್ನು ಹೇಗೆ ಹಿಡಿದರೂ ದ್ರವವು ಚೆಲ್ಲುವುದಿಲ್ಲ. ಕೈಯಲ್ಲಿ ಹಿಡಿದು ಬಳಸುವ ಉಪಕರಣಗಳಿಗೆ ಇದೇ ಯೋಗ್ಯವಾಯಿತು.

ಬಾಹ್ಯಾಕಾಶಕ್ಕೆ ಉಡಾಯಿಸಿದ ಉಪಗ್ರಹಗಳಲ್ಲಿಯೂ ಇದೇ ಬ್ಯಾಟರಿಯನ್ನು ಇಟ್ಟರು. ಭೂಮಿಯನ್ನು ಸುತ್ತುವ ಉಪಗ್ರಹವು ನೆರಳನ್ನು ಹೊಕ್ಕಾಗ ಬ್ಯಾಟರಿಯಿಂದ ನಡೆಯುತ್ತದೆ, ಬಿಸಿಲಿಗೆ ಬಂದಾಗ ಚಾರ್ಜಾಗುತ್ತದೆ. ಪ್ರತಿಸಲವೂ ಬಳಕೆಯಾಗುವ ಪ್ರಮಾಣ ಸರಿಸುಮಾರು ಒಂದೇ. ಹೀಗೆ ಸಾವಿರಾರು ಸಲ ಒಂದೇ ಆಳದವರೆಗೆ ಮಾತ್ರ ಬರಿದಾಗಿ ತುಂಬಿದ ಬ್ಯಾಟರಿಯು, ಆ ಆಳವನ್ನು ದಾಟಿದೊಡನೆ ತನ್ನ ವೋಲ್ಟೇಜನ್ನು ಇಳಿಸಿಬಿಡುತ್ತದೆಂಬುದು ೧೯೬೦ರ ದಶಕದಲ್ಲಿ ಚರ್ಚೆಗೆ ಬಂದಿತು. ಬ್ಯಾಟರಿಯು ತನ್ನ ಅಭ್ಯಾಸವನ್ನು ನೆನಪಿಟ್ಟುಕೊಂಡಂತೆ ತೋರಿದುದರಿಂದ ಇದಕ್ಕೆ ಮೆಮೊರಿ ಎಫೆಕ್ಟ್, ಅಂದರೆ ನೆನಪಿನ ಪರಿಣಾಮ, ಎಂಬ ಹೆಸರು ಬಿದ್ದಿತು. ಫಲಕದಲ್ಲಿನ ಕ್ಯಾಡ್ಮಿಯಂ ಸಂಯುಕ್ತದ ಹರಳುಗಳು ದೊಡ್ಡವಾಗಿ ಬೆಳೆಯುವುದನ್ನು ಇದರ ಮುಖ್ಯ ಕಾರಣವಾಗಿ ಹೇಳುತ್ತಾರೆ. ಪರಿಹಾರವು ಸುಲಭವಾಗಿದ್ದಿತು: ಆಗಾಗ ಬ್ಯಾಟರಿಯನ್ನು ಆಳವಾಗಿ ಬರಿದುಮಾಡಿ ಮತ್ತೆ ತುಂಬುವುದು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಉಪಗ್ರಹದಲ್ಲಿರುವಷ್ಟು ಕರಾರುವಾಕ್ಕಾದ ಬಳಕೆ ಮನೆಯ ಉಪಕರಣಗಳಲ್ಲಿ ಅಪರೂಪ. ಜನರು ನೆನಪಿನ ಪರಿಣಾಮವೆಂದು ಕರೆದ ತೊಂದರೆಗಳಲ್ಲಿ ಬಹಳಷ್ಟು, ಚಾರ್ಜರಿನಲ್ಲಿ ದಿನಗಟ್ಟಲೆ ಬಿಟ್ಟುದರಿಂದ ಉಂಟಾದ ಶಾಖದ ಫಲವಾಗಿದ್ದವು. ಎರಡನೆಯದಾಗಿ, ಹಲವು ಕೋಶಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿಯನ್ನು ಮಿತಿಮೀರಿ ಬರಿದುಮಾಡಿದರೆ ಅವುಗಳಲ್ಲಿ ದುರ್ಬಲವಾದ ಕೋಶವು ಉಲ್ಟಾ ಚಾರ್ಜಾಗಿ ಕೆಡುತ್ತಿದ್ದಿತು. ಎಂದರೆ, ಬರಿದು ಮಾಡಬೇಕೆಂಬ ನಿಯಮಕ್ಕೆ ತನ್ನ ಕಾಲದಲ್ಲಿಯೂ ಒಂದು ಮಿತಿ ಇದ್ದಿತು. ನಿಯಮವು ಬಾಯಿಂದ ಬಾಯಿಗೆ ದಾಟುವಾಗ ಮಿತಿಯು ಬಿದ್ದುಹೋಯಿತು, ನಿಯಮ ಮಾತ್ರ ಉಳಿಯಿತು.

ಮೊದಲನೆಯ ನಿಯಮವೂ ಈ ನಿಕ್ಕಲ್ ವಂಶದ್ದೇ. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅದರ ಧಾರಣಶಕ್ತಿಯ ಹತ್ತನೆಯ ಒಂದು ಭಾಗದಷ್ಟು ಪ್ರವಾಹದಿಂದ ೧೪ರಿಂದ ೧೬ ಗಂಟೆಗಳವರೆಗೆ ಚಾರ್ಜು ಮಾಡುವುದು ಸಾಮಾನ್ಯ ಕ್ರಮವಾಗಿದ್ದಿತು. ಕಾರ್ಖಾನೆಯಿಂದ ಬಂದು ಬಹುದಿನ ಕುಳಿತ ಕೋಶಗಳನ್ನು ಸಮಸ್ಥಿತಿಗೆ ತರಲು ಮೊದಲನೆಯ ಚಾರ್ಜು ದೀರ್ಘವಾಗಿರಬೇಕೆಂದು ವಿಧಿಸುತ್ತಿದ್ದರು. ಅಂಗಡಿಯವರು ಇಂದಿಗೂ ಹೇಳುವ ಎಂಟು ಗಂಟೆಯ ಮಾತು ಅದರ ಅವಶೇಷವೆಂದು ತೋರುತ್ತದೆ.

೪

ಈಗ ಲ್ಯಾಪ್‌ಟಾಪಿನ ಚರಿತ್ರೆಗೆ ಬರಬಹುದು. ೧೯೮೧ರಲ್ಲಿ ಮಾರುಕಟ್ಟೆಗೆ ಬಂದ ಆಸ್‌ಬೋರ್ನ್-೧ ಎಂಬ ಯಂತ್ರವನ್ನು ಹೊತ್ತೊಯ್ಯಬಹುದಾದ ಕಂಪ್ಯೂಟರೆಂದು ಮಾರಿದರು. ಸುಮಾರು ೧೧ ಕಿಲೋಗ್ರಾಂ ತೂಕದ ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ೧೯೮೨ರಲ್ಲಿ ಮಾರಾಟಕ್ಕೆ ಬಂದ ಜಪಾನಿನ ಎಪ್ಸನ್ ಕಂಪನಿಯ ಎಚ್‌ಎಕ್ಸ್-೨೦ ಯಂತ್ರವು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಸುಮಾರು ೫೦ ಗಂಟೆ ನಡೆಯುತ್ತಿದ್ದಿತು. ಅದರ ಪರದೆಯು ನಾಲ್ಕೇ ಸಾಲುಗಳದು. ವಿದ್ಯುತ್ತಿನ ವೆಚ್ಚವೂ ಅಷ್ಟೇ ಸ್ವಲ್ಪ. ಪರದೆ ದೊಡ್ಡದಾದಂತೆಲ್ಲ ಬ್ಯಾಟರಿಯ ಮೇಲಣ ಹೊರೆಯೂ ಹೆಚ್ಚಿತು.

೧೯೮೯ರಲ್ಲಿ ಆಪಲ್ ಕಂಪನಿಯು ಮ್ಯಾಕಿಂಟಾಷ್ ಪೋರ್ಟಬಲ್ ಎಂಬ ಯಂತ್ರವನ್ನು ಹೊರತಂದಿತು. ಅದರ ತೂಕ ಏಳು ಕಿಲೋಗ್ರಾಮಿಗೂ ಮಿಕ್ಕಿದ್ದಿತು. ಅದರೊಳಗಿದ್ದುದು ಸೀಸ-ಆಮ್ಲ ಬ್ಯಾಟರಿ. ಬ್ಯಾಟರಿಯು ಪೂರ್ತಿ ಸತ್ತರೆ, ಗೋಡೆಯ ಪ್ಲಗ್ಗಿಗೆ ಜೋಡಿಸಿದರೂ ಆ ಯಂತ್ರವು ಏಳುತ್ತಿರಲಿಲ್ಲ. ೧೯೯೧ರ ಅಕ್ಟೋಬರಿನಲ್ಲಿ ಅದೇ ಕಂಪನಿಯು ಪವರ್‌ಬುಕ್ ಎಂಬ ಹೆಸರಿನಲ್ಲಿ ಮೂರು ಮಾದರಿಗಳನ್ನು ಒಟ್ಟಿಗೆ ಹೊರತಂದಿತು. ಅವುಗಳಲ್ಲಿ ೧೦೦ ಎಂಬ ಮಾದರಿಯಲ್ಲಿ ಸೀಸ-ಆಮ್ಲ ಬ್ಯಾಟರಿಯೂ, ೧೪೦ ಮತ್ತು ೧೭೦ ಎಂಬ ಮಾದರಿಗಳಲ್ಲಿ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯೂ ಇದ್ದವು. ಒಂದೇ ಕಂಪನಿ, ಒಂದೇ ವರ್ಷ, ಒಂದೇ ಹೆಸರು. ಹಾಗಿದ್ದೂ ಒಂದನ್ನು ಸದಾ ತುಂಬಿಡಬೇಕು, ಇನ್ನೊಂದನ್ನು ಆಗಾಗ ಬರಿದುಮಾಡಬೇಕು. ಎರಡು ವಿರುದ್ಧ ನಿಯಮಗಳು ಜನರ ಬಾಯಲ್ಲಿ ಬೆರೆತುಹೋದ ಬಗೆಯನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಕ್ಯಾಡ್ಮಿಯಂ ವಿಷವಸ್ತು. ಅದರ ಸ್ಥಾನದಲ್ಲಿ ನಿಕ್ಕಲ್-ಮೆಟಲ್ ಹೈಡ್ರೈಡ್ ಎಂಬ ಬ್ಯಾಟರಿಯು ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ನೆನಪಿನ ಪರಿಣಾಮವು ಅದರಲ್ಲಿ ಬಹಳ ಕಡಮೆ. ಆದರೆ ನೋಡುವುದಕ್ಕೆ ಹಳೆಯದರಂತೆಯೇ ಇದ್ದುದರಿಂದ ಹಳೆಯ ನಿಯಮವನ್ನು ಜನರು ಅದಕ್ಕೂ ಅನ್ವಯಿಸಿದರು.

೫

ಇಂದಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ೧೯೭೦ರ ದಶಕದಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟಾನ್ಲಿ ವಿಟಿಂಗ್ಹ್ಯಾಮ್ ಅವರು, ಪದರಪದರವಾದ ವಸ್ತುವಿನ ನಡುವೆ ಲಿಥಿಯಂ ಅಯಾನುಗಳನ್ನು ಸೇರಿಸಿ ತೆಗೆಯಬಹುದೆಂದು ತೋರಿಸಿದರು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡಿನಫ್ ಅವರ ಬಳಗವು ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಇದಕ್ಕೆ ಉತ್ತಮ ವಸ್ತುವೆಂದು ಕಂಡುಕೊಂಡಿತು. ೧೯೮೫ರಲ್ಲಿ ಜಪಾನಿನ ಅಸಾಹಿ ಕಸೈ ಕಂಪನಿಯ ಅಕಿರಾ ಯೋಶಿನೊ ಅವರು ಅಪಾಯಕಾರಿಯಾದ ಲಿಥಿಯಂ ಲೋಹವನ್ನು ಬಿಟ್ಟು ಇಂಗಾಲದ ವಸ್ತುವನ್ನು ಇನ್ನೊಂದು ಬದಿಗೆ ಬಳಸಿ ಇಂದಿನ ಮಾದರಿಯನ್ನು ಸಿದ್ಧಪಡಿಸಿದರು. ೧೯೯೧ರಲ್ಲಿ ಸೋನಿ ಕಂಪನಿಯು ಇದನ್ನು ಮಾರುಕಟ್ಟೆಗೆ ತಂದಿತು. ಈ ಮೂವರು ವಿಜ್ಞಾನಿಗಳಿಗೂ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯು ದೊರೆತುದು ಸರ್ವವಿದಿತ.

ಈ ಬ್ಯಾಟರಿಯಲ್ಲಿ ಮುಪ್ಪು ಹೇಗೆ ಬರುತ್ತದೆಂಬುದನ್ನು ತಿಳಿದರೆ ನಿಯಮವು ತಾನಾಗಿ ತಿಳಿಯುತ್ತದೆ. ಚಾರ್ಜು ಮಾಡಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಆಕ್ಸೈಡಿನ ಪದರಗಳನ್ನು ಬಿಟ್ಟು ಇಂಗಾಲದ ಪದರಗಳನ್ನು ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಕೋಬಾಲ್ಟ್ ಆಕ್ಸೈಡಿನ ಕೋಶವು ಸಾಮಾನ್ಯವಾಗಿ ೪.೨ ವೋಲ್ಟಿನಲ್ಲಿ ತುಂಬಿದಂತಾಗುತ್ತದೆ. ಈ ಎತ್ತರದ ವೋಲ್ಟೇಜಿನಲ್ಲಿ ನಡುವಣ ದ್ರವವು ಮೆಲ್ಲಮೆಲ್ಲನೆ ಕೆಡತೊಡಗುತ್ತದೆ. ಇಂಗಾಲದ ಬದಿಯಲ್ಲಿ ಒಂದು ತೆಳ್ಳನೆಯ ಪೊರೆ ಬೆಳೆದು ಲಿಥಿಯಮ್ಮಿನ ಸ್ವಲ್ಪಭಾಗವನ್ನು ಶಾಶ್ವತವಾಗಿ ಹಿಡಿದಿಡುತ್ತದೆ. ಶಾಖವು ಹೆಚ್ಚಿದಷ್ಟೂ ಎರಡೂ ಕ್ರಿಯೆಗಳು ತೀವ್ರವಾಗುತ್ತವೆ. ಇತ್ತ ಕಡೆ, ವೋಲ್ಟೇಜು ಮಿತಿಮೀರಿ ಇಳಿದರೆ ಒಳಗಿನ ತಾಮ್ರದ ಹಾಳೆಯೇ ದ್ರವದಲ್ಲಿ ಕರಗಲು ಆರಂಭಿಸಿ, ಕೋಶವು ಮತ್ತೆ ಚಾರ್ಜು ಮಾಡಲು ಸುರಕ್ಷಿತವಾಗಿ ಉಳಿಯುವುದಿಲ್ಲ.

ಆದುದರಿಂದ ಲಿಥಿಯಂ-ಅಯಾನ್ ಬ್ಯಾಟರಿಗೆ ತುಂಬಿದ ಸ್ಥಿತಿಯೂ ಹಿತವಲ್ಲ, ಬರಿದಾದ ಸ್ಥಿತಿಯೂ ಹಿತವಲ್ಲ. ನಡುವಣ ಸ್ಥಿತಿಯೇ ಹಿತ. ಸೀಸವು ತುಂಬಿಡು ಎಂದಿತು, ನಿಕ್ಕಲ್ ಬರಿದುಮಾಡು ಎಂದಿತು, ಲಿಥಿಯಂ ನಡುವೆ ಇಡು ಎನ್ನುತ್ತದೆ. ನೆನಪಿನ ಪರಿಣಾಮವು ಬಳಕೆಯ ದೃಷ್ಟಿಯಿಂದ ಇದರಲ್ಲಿ ಇಲ್ಲವೆಂದೇ ಹೇಳಬೇಕು. ಶೇಕಡಾ ೪೦ಕ್ಕೆ ಇಳಿದಾಗ ಚಾರ್ಜಿಗೆ ಹಾಕಿ ೭೫ರಲ್ಲಿ ತೆಗೆದರೆ ಅದಕ್ಕೆ ಯಾವ ಹಾನಿಯೂ ಇಲ್ಲ. ಅಷ್ಟೇ ಅಲ್ಲ, ಪೂರ್ತಿ ಇಳಿಸಿ ಪೂರ್ತಿ ಏರಿಸುವುದಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಕೆನಡಾದ ಕ್ಯಾಡೆಕ್ಸ್ ಸಂಸ್ಥೆಯ ಸ್ಥಾಪಕರಾದ ಐಸಿಡೋರ್ ಬುಕ್ಮನ್ ಅವರು ಬ್ಯಾಟರಿಗಳನ್ನು ಕುರಿತ ತಮ್ಮ ಬರಹಗಳಲ್ಲಿ ಕೊಟ್ಟಿರುವ ಕೋಷ್ಟಕವೊಂದು ಇಲ್ಲಿ ಉಪಯುಕ್ತವಾಗಿದೆ. ಒಂದು ವರ್ಷ ಬಳಸದೆ ಇಟ್ಟ ಬ್ಯಾಟರಿಯಲ್ಲಿ ಉಳಿಯುವ ಧಾರಣಶಕ್ತಿಯ ಅಂದಾಜು ಅದರಲ್ಲಿದೆ. ೨೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇಕಡಾ ೪೦ ಚಾರ್ಜಿನಲ್ಲಿಟ್ಟದ್ದು ೯೬ರಷ್ಟು ಶಕ್ತಿಯನ್ನು ಉಳಿಸಿಕೊಂಡರೆ, ಪೂರ್ತಿ ತುಂಬಿಟ್ಟದ್ದು ೮೦ರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ೪೦ ಡಿಗ್ರಿಯಲ್ಲಿ ಇವು ಕ್ರಮವಾಗಿ ೮೫ ಮತ್ತು ೬೫ಕ್ಕೆ ಇಳಿಯುತ್ತವೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವುದು ಅಪರೂಪವಲ್ಲ. ಮುಚ್ಚಿದ ಕಾರಿನೊಳಗೆ, ತಗಡಿನ ಮಾಡಿನ ಕೋಣೆಯೊಳಗೆ, ಹಾಸಿಗೆಯ ಮೇಲಿಟ್ಟು ಗಾಳಿಕಂಡಿ ಮುಚ್ಚಿಹೋದ ಯಂತ್ರದೊಳಗೆ ಶಾಖವು ಇನ್ನೂ ಮೇಲೇರುತ್ತದೆ. ಆದುದರಿಂದ ನಮ್ಮ ನಾಡಿನ ಬಯಲುಸೀಮೆಯಲ್ಲಿ ಬ್ಯಾಟರಿಯ ಮೊದಲನೆಯ ಶತ್ರು ಶಾಖವೇ ಎನ್ನಬಹುದು. ಸಾಮಾನ್ಯವಾಗಿ ಕೇಳಿಬರುವ ನಾಲ್ಕು ನಿಯಮಗಳಲ್ಲಿ ಶಾಖದ ಮಾತೇ ಇಲ್ಲದಿರುವುದು ಗಮನಾರ್ಹ. ಅವು ಬೇರೆ ಬೇರೆ ಬ್ಯಾಟರಿಗಳ ಚಾರ್ಜಿನ ಪ್ರಮಾಣವನ್ನಷ್ಟೇ ಕುರಿತವು.

ಇಲ್ಲಿ ಈ ಲೇಖಕನ ಸ್ವಂತ ತಪ್ಪೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ೨೦೨೦ರ ಮಾರ್ಚಿನಲ್ಲಿ ಕಾಲೇಜುಗಳು ಮುಚ್ಚಿದಾಗ ವಿಭಾಗದ ಲ್ಯಾಪ್‌ಟಾಪೊಂದನ್ನು ಬೀರುವಿನಲ್ಲಿಡುವ ಮೊದಲು, ಬ್ಯಾಟರಿಗೆ ಒಳ್ಳೆಯದೆಂಬ ನಂಬಿಕೆಯಿಂದ ಅದನ್ನು ಪೂರ್ತಿ ಬರಿದುಮಾಡಿ ಇಡಲಾಯಿತು. ಪರದೆಯ ಮೇಲೆ ಸೊನ್ನೆಯೆಂದು ತೋರಿದರೂ ಕೋಶದಲ್ಲಿ ಸ್ವಲ್ಪ ಶೇಷವನ್ನು ಉಳಿಸುವ ಏರ್ಪಾಡು ಯಂತ್ರದಲ್ಲಿರುತ್ತದೆ. ಆದರೆ ಆ ಶೇಷವು ತಿಂಗಳುಗಟ್ಟಲೆ ಕಾಯುವುದಿಲ್ಲ. ಬೀರುವಿನ ಬಾಗಿಲು ತೆಗೆದಾಗ ಬ್ಯಾಟರಿಯು ಚಾರ್ಜನ್ನು ಸ್ವೀಕರಿಸಲಿಲ್ಲ. ನಿಯಮವನ್ನು ಪಾಲಿಸದೆ ಇದ್ದಿದ್ದರೆ ಅದು ಉಳಿಯುತ್ತಿದ್ದಿತೋ ಏನೋ.

೬

ನಿಕ್ಕಲ್ ಬ್ಯಾಟರಿಯು ಲ್ಯಾಪ್‌ಟಾಪಿನಿಂದ ಮರೆಯಾಗಿ ಬಹುಕಾಲವಾದರೂ ಬರಿದುಮಾಡುವ ನಿಯಮವು ಏಕೆ ಮರೆಯಾಗಲಿಲ್ಲ? ಇದಕ್ಕೆ ಜನರ ಅಜ್ಞಾನವೊಂದೇ ಕಾರಣವೆಂದರೆ ಅನ್ಯಾಯವಾದೀತು. ೧೯೯೦ರ ದಶಕದ ಮಧ್ಯದಲ್ಲಿ ಇಂಟೆಲ್ ಮತ್ತು ಡ್ಯುರಾಸೆಲ್ ಕಂಪನಿಗಳು ಸ್ಮಾರ್ಟ್ ಬ್ಯಾಟರಿ ಎಂಬ ವ್ಯವಸ್ಥೆಯ ನಿರೂಪಣೆಯನ್ನು ಮುಂದಿಟ್ಟವು. ಬ್ಯಾಟರಿಯೊಳಗೇ ಒಂದು ಚಿಕ್ಕ ಮಂಡಲವನ್ನು ಇರಿಸಿ, ಒಳಗೆ ಹೋದ ಮತ್ತು ಹೊರಗೆ ಬಂದ ವಿದ್ಯುತ್ತಿನ ಲೆಕ್ಕವಿಡುವುದು ಇದರ ಕ್ರಮ. ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾ ಅಂಕೆಯು ಈ ಲೆಕ್ಕದ ಫಲ. ಆದರೆ ದಿನ ಕಳೆದಂತೆ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ತಪ್ಪು ಸೇರುತ್ತದೆ. ಅದನ್ನು ಸರಿಪಡಿಸಲು ಒಮ್ಮೆ ಪೂರ್ತಿ ತುಂಬಿ, ಒಮ್ಮೆ ಪೂರ್ತಿ ಇಳಿಸಿ, ಎರಡು ತುದಿಗಳನ್ನು ಮಂಡಲಕ್ಕೆ ತೋರಿಸಬೇಕೆಂದು ೨೦೦೦ರ ದಶಕದ ಹಲವು ಕೈಪಿಡಿಗಳು ವಿಧಿಸಿದವು.

ಕ್ರಿಯೆಯು ಹಳೆಯದೇ, ಕಾರಣವು ಮಾತ್ರ ಹೊಸದು. ಈ ಕ್ರಿಯೆಯಿಂದ ಅಳತೆ ಸರಿಯಾಗುತ್ತದೆಯೇ ಹೊರತು ಬ್ಯಾಟರಿಗೆ ಬಲ ಬರುವುದಿಲ್ಲ. ಕೊಂಚ ಸವೆತವೇ ಆಗುತ್ತದೆ. ಆದರೆ ಓದಿದವರು ತಮಗೆ ಮೊದಲೇ ತಿಳಿದಿದ್ದ ನಿಯಮಕ್ಕೆ ಕಂಪನಿಯ ಮುದ್ರೆ ಬಿದ್ದಿತೆಂದು ಭಾವಿಸಿದರು. ಹಳೆಯ ಆಚಾರಕ್ಕೆ ಹೊಸ ಭಾಷ್ಯ ದೊರೆತು ಅದರ ಆಯುಷ್ಯ ಬೆಳೆಯುವ ರೀತಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯಿತು. ೨೦೦೮ ಮತ್ತು ೨೦೦೯ರಲ್ಲಿ ಆಪಲ್ ಕಂಪನಿಯು ಬಳಕೆದಾರನು ತೆಗೆಯಲಾಗದಂತೆ ಬ್ಯಾಟರಿಯನ್ನು ಒಳಗೆ ಕೂರಿಸಿದ ಯಂತ್ರಗಳನ್ನು ಮಾರತೊಡಗಿತು. ೨೦೦೯ರ ಯಂತ್ರಕ್ಕೆ ೧,೦೦೦ ಆವರ್ತಗಳವರೆಗಿನ ಬಾಳಿಕೆಯನ್ನು ಸಾರಿತು. ಉಳಿದ ಕಂಪನಿಗಳು ಕ್ರಮೇಣ ಅದೇ ದಾರಿ ಹಿಡಿದವು. ಯಂತ್ರವು ತೆಳುವಾಯಿತು, ಒಳಗೆ ಹೆಚ್ಚಿನ ಧಾರಣಶಕ್ತಿಗೆ ಸ್ಥಳವೂ ದೊರೆಯಿತು. ಆದರೆ ಹಿಂದೆ ಗುಂಡಿಯೊತ್ತಿ ಬದಲಾಯಿಸಬಹುದಾಗಿದ್ದ ಬ್ಯಾಟರಿಗೆ ಈಗ ದುರಸ್ತಿಗಾರನ ಬಳಿಗೆ ಹೋಗಬೇಕಾಯಿತು. ಬ್ಯಾಟರಿಯು ಕೆಟ್ಟರೆ ಯಂತ್ರವನ್ನೇ ಮೂಲೆಗೆ ಹಾಕುವ ವಾಡಿಕೆಯೂ ಬೆಳೆಯಿತು. ಪಾಲನೆಯ ಪ್ರಶ್ನೆ ಹಿಂದೆಂದಿಗಿಂತ ಹೆಚ್ಚು ಮುಖ್ಯವಾದುದು ಈ ಕಾರಣದಿಂದಲೇ.

ಅನಂತರ ಪಾಲನೆಯ ಹೊಣೆಯನ್ನು ಸ್ವಲ್ಪಮಟ್ಟಿಗೆ ಯಂತ್ರವೇ ವಹಿಸಿಕೊಂಡಿತು. ಲೆನೋವೊ, ಡೆಲ್, ಏಸಸ್ ಮೊದಲಾದ ಕಂಪನಿಗಳ ಹಲವು ಯಂತ್ರಗಳಲ್ಲಿ ಚಾರ್ಜನ್ನು ೮೦ ಅಥವಾ ೬೦ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯವಿದೆ. ಆಪಲ್ ಕಂಪನಿಯು ೨೦೨೦ರಲ್ಲಿ ತನ್ನ ಲ್ಯಾಪ್‌ಟಾಪುಗಳಿಗೆ ಬ್ಯಾಟರಿಯ ಆರೋಗ್ಯವನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಸೇರಿಸಿತು. ನಾಲ್ಕನೆಯ ನಿಯಮವು ನಮ್ಮ ಕಿವಿಗೆ ಬಿದ್ದುದು ಬಹುಮಟ್ಟಿಗೆ ಈ ಮಾರ್ಗದಿಂದ.

ಪಾಲನೆಯ ಮಿತಿಯನ್ನೂ ಮರೆಯಲಾಗದು. ೨೦೦೬ರ ಆಗಸ್ಟಿನಲ್ಲಿ ಡೆಲ್ ಕಂಪನಿಯು ಸೋನಿಯ ಕೋಶಗಳಿದ್ದ ಸುಮಾರು ೪೧ ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ತಯಾರಿಕೆಯ ವೇಳೆ ಒಳಸೇರಿದ ಲೋಹದ ಕಣಗಳು ಒಳಗೇ ವಿದ್ಯುತ್ತನ್ನು ಹಾಯಿಸಿ ಬೆಂಕಿಗೆ ಕಾರಣವಾಗುವ ಸಂಭವವಿದ್ದಿತು. ಇಂತಹ ದೋಷವನ್ನು ಬಳಕೆದಾರನ ಯಾವ ಎಚ್ಚರವೂ ತಡೆಯಲಾರದು.

೭

ಮೇಲಣ ವಿವೇಚನೆಯಿಂದ ಇಂದಿನ ಲ್ಯಾಪ್‌ಟಾಪಿಗೆ ಅನ್ವಯಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

ಹೊಸ ಯಂತ್ರಕ್ಕೆ ದೀರ್ಘವಾದ ಮೊದಲ ಚಾರ್ಜು ಬೇಕಿಲ್ಲ. ದಿನದ ಬಳಕೆಯಲ್ಲಿ ಶೇಕಡಾ ೨೦ಕ್ಕೂ ೮೦ಕ್ಕೂ ನಡುವೆ ಇರಿಸುವುದು ಉತ್ತಮ. ಪ್ರಯಾಣವಿದ್ದಾಗ, ಪರೀಕ್ಷೆಯ ದಿನಗಳಲ್ಲಿ, ಕರೆಂಟು ಹೋಗುವ ಸಂಭವವಿದ್ದಾಗ ಪೂರ್ತಿ ತುಂಬುವುದರಲ್ಲಿ ತಪ್ಪಿಲ್ಲ. ತುಂಬಿಸಿ ವಾರಗಟ್ಟಲೆ ಹಾಗೆಯೇ ಬಿಡುವುದು ತಪ್ಪು. ಸದಾ ಮೇಜಿನ ಮೇಲೆ ಪ್ಲಗ್ಗಿಗೆ ಜೋಡಿಸಿಯೇ ಬಳಸುವವರು ಯಂತ್ರದಲ್ಲಿರುವ ಮಿತಿಯ ಸೌಲಭ್ಯವನ್ನು ಆರಿಸಿಕೊಳ್ಳಬೇಕು. ಗಾಳಿಕಂಡಿಗಳನ್ನು ಮುಚ್ಚದೆ ಗಟ್ಟಿಯಾದ ಸಮತಲದ ಮೇಲೆ ಇಟ್ಟು ಬಳಸಬೇಕು. ಬೇಸಗೆಯ ರಜೆಯಲ್ಲಿ ಬೀರುವಿನಲ್ಲಿಡುವ ಯಂತ್ರವನ್ನು ಅರ್ಧದಷ್ಟು ಚಾರ್ಜು ಮಾಡಿ, ಪೂರ್ತಿ ಆರಿಸಿ, ತಂಪಾದ ಕಡೆ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ತೆಗೆದುನೋಡಬೇಕು. ಬ್ಯಾಟರಿಯು ಉಬ್ಬಿ ಯಂತ್ರದ ಹೊದಿಕೆಯನ್ನು ಎತ್ತುತ್ತಿದ್ದರೆ ಪಾಲನೆಯ ಕಾಲ ಮುಗಿಯಿತೆಂದು ತಿಳಿಯಬೇಕು; ಅದನ್ನು ಚುಚ್ಚದೆ, ಒತ್ತದೆ, ಚಾರ್ಜು ಮಾಡದೆ ತಿಳಿದವರಿಂದ ತೆಗೆಸಬೇಕು. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬಾರದು. ಭಾರತ ಸರ್ಕಾರದ ೨೦೦೧ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳನ್ನು ಮಾತ್ರ ಕುರಿತಿದ್ದವು. ಅವುಗಳ ಸ್ಥಾನದಲ್ಲಿ ಬಂದ ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಹಳೆಯವನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕಾನೂನು ಸಹ ಒಂದು ಬಗೆಯ ಬ್ಯಾಟರಿಯಿಂದ ಇನ್ನೊಂದಕ್ಕೆ ಬರಲು ಎರಡು ದಶಕ ತೆಗೆದುಕೊಂಡಿತೆಂಬುದು ಇದರಿಂದ ತಿಳಿದುಬರುತ್ತದೆ. ಯುರೋಪಿನ ಒಕ್ಕೂಟವು ೨೦೨೩ರಲ್ಲಿ ಅಂಗೀಕರಿಸಿದ ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಗಿ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಾಯಿಸುವಂತಿರಬೇಕೆಂದು ವಿಧಿಸಿ, ಇದರ ಜಾರಿಗೆ ೨೦೨೭ರ ಫೆಬ್ರವರಿ ೧೮ನ್ನು ಗೊತ್ತುಮಾಡಿದೆ.

ಇಷ್ಟನ್ನು ಹೇಳಿದ ಮೇಲೆ, ಈ ಕ್ರಮವೂ ಶಾಶ್ವತವಲ್ಲವೆಂದು ಹೇಳುವುದು ಅವಶ್ಯಕ. ಗುಡಿನಫ್ ಅವರ ಬಳಗವೇ ೧೯೯೭ರಲ್ಲಿ ಪ್ರಕಟಿಸಿದ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ವಸ್ತುವಿನಿಂದ ಮಾಡಿದ ಬ್ಯಾಟರಿಗಳು ಇಂ‌ದು ಎಷ್ಟೋ ವಿದ್ಯುತ್ ವಾಹನಗಳಲ್ಲಿವೆ. ಅವುಗಳ ವೋಲ್ಟೇಜು ಚಾರ್ಜು ಇಳಿಯುತ್ತಿದ್ದರೂ ಹೆಚ್ಚು ಕಡಮೆಯಾಗದೆ ಸಮನಾಗಿರುವುದರಿಂದ, ಎಷ್ಟು ಉಳಿದಿದೆಯೆಂದು ಅಳೆಯುವುದು ಕಷ್ಟ. ಆ ಕಾರಣದಿಂದ ಅಂತಹ ಕೆಲವು ಕಾರುಗಳ ತಯಾರಕರು ಆಗಾಗ ಪೂರ್ತಿ ಚಾರ್ಜು ಮಾಡಬೇಕೆಂದು ಸೂಚಿಸುತ್ತಾರೆ. ಶೇಕಡಾ ೮೦ರ ನಿಯಮವನ್ನು ಈಗ ಕಲಿತವರು ನಾಳೆ ಅದನ್ನು ಅದರ ಕಾರಣವಿಲ್ಲದ ಕಡೆಯಲ್ಲಿಯೂ ಅನ್ವಯಿಸುವ ಸಂಭವವಿದೆ.

ಆದುದರಿಂದ ವಿದ್ಯಾರ್ಥಿಗಳು ನೆನಪಿಡಬೇಕಾದುದು ೨೦, ೮೦ ಎಂಬ ಅಂಕೆಗಳನ್ನಲ್ಲ. ಶಾಸನವೊಂದು ಕೈಗೆ ಬಂದಾಗ ಅದರ ಕಾಲ ಯಾವುದು, ಬರೆಸಿದವರು ಯಾರು, ಯಾವ ಸಂದರ್ಭಕ್ಕಾಗಿ ಬರೆಸಿದರು ಎಂದು ನಾವು ಮೊದಲು ಕೇಳುತ್ತೇವೆ. ಅಂಗಡಿಯವನು ಹೇಳಿದ ನಿಯಮದ ಮುಂದೆಯೂ ಕೈಪಿಡಿಯ ವಾಕ್ಯದ ಮುಂದೆಯೂ ಅದೇ ಪ್ರಶ್ನೆಯನ್ನು ಇಡಬೇಕು: ಇದು ಯಾವ ಬಗೆಯ ಬ್ಯಾಟರಿಗೆ ಹೇಳಿದ ಮಾತು? ಯಂತ್ರದ ಅಡಿಯಲ್ಲಿ ಅಥವಾ ಬ್ಯಾಟರಿಯ ಚೀಟಿಯ ಮೇಲೆ ಅದರ ಜಾತಿಯನ್ನು ಮುದ್ರಿಸಿರುತ್ತಾರೆ. ಅದನ್ನು ಓದಿ, ಬಳಿಕ ನಿಯಮವನ್ನು ಆರಿಸುವುದು ಯುಕ್ತ.